ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನ ಬೀರುವಿಗೆ ಹಾಕಬೇಡಿ: ಕಾಫಿ ಗೋಡೌನ್ ನೋಡಿ ಕಲಿತದ್ದು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದುವ ಅನುಕೂಲಕ್ಕಾಗಿ ಮಾತುಗಳನ್ನು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಹಿಂದೆ ಟಪಟಪ ಸದ್ದು ಕೇಳ್ತಿದ್ರೆ ಅದು ನಿಮ್ಮ ಇಯರ್‌ಫೋನ್ ತಪ್ಪಲ್ಲ. ನಮ್ಮ ಮನೆ ಶೀಟಿನ ಮೇಲೆ ಮಳೆ ಬೀಳ್ತಿದೆ. ಮಡಿಕೇರಿ ಹತ್ರ ಜುಲೈ ತಿಂಗಳಲ್ಲಿ ಕೂತು ರೆಕಾರ್ಡ್ ಮಾಡೋರಿಗೆ ಇದೊಂದು ಫ್ರೀ ಬ್ಯಾಕ್‌ಗ್ರೌಂಡ್ ಮ್ಯೂಸಿಕ್. ತಲೆ ಮೇಲೆ ಕಂಬಳಿ ಹೊದ್ದುಕೊಂಡು ಮಾತಾಡಿದ್ರೂ ಪೂರ್ತಿ ಹೋಗಲ್ಲ.

ಇವತ್ತಿನ ವಿಷಯ ಲ್ಯಾಪ್‌ಟಾಪ್. ಯಾವುದು ಕೊಳ್ಳಬೇಕು ಅಂತ ಅಲ್ಲ, ಅದನ್ನ ಹೇಳೋಕೆ ಸಾವಿರ ಜನ ಇದ್ದಾರೆ. ಕೊಂಡದ್ದನ್ನ ಕೊಡಗಿನಂಥ ಜಾಗದಲ್ಲಿ ಉಳಿಸಿಕೊಳ್ಳೋದು ಹೇಗೆ ಅಂತ. ಇದನ್ನ ನಾನು ಎಂಜಿನಿಯರ್ ಆಗಿ ಹೇಳ್ತಿಲ್ಲ, ನಾನು ಓದಿದ್ದು ಬಿ.ಕಾಂ. ಒಂದು ಲ್ಯಾಪ್‌ಟಾಪ್ ಕಳ್ಕೊಂಡವಳಾಗಿ ಹೇಳ್ತಿದ್ದೀನಿ. ಕಳ್ಕೊಂಡದ್ದು ಲ್ಯಾಪ್‌ಟಾಪ್ ಒಂದೇ ಆಗಿದ್ರೆ ಈ ಸಂಚಿಕೆ ಮಾಡ್ತಾನೂ ಇರ್ಲಿಲ್ಲ.

ನಡೆದದ್ದು ಹೀಗೆ. ಸೋಮವಾರಪೇಟೆ ಕಡೆ ಒಬ್ಬರು ಹಿರಿಯರಿದ್ದಾರೆ, ಸಣ್ಣ ಬೆಳೆಗಾರರು. ತೋಟ ಇರೋ ಮನೆಗಳಲ್ಲಿ ಮಳೆ ಅಳೆಯೋ ಪಾತ್ರೆ ಇಟ್ಟು ದಿನಾ ಡೈರಿಯಲ್ಲಿ ಬರೆದಿಡೋ ಅಭ್ಯಾಸ ನಿಮಗೆ ಗೊತ್ತಲ್ಲ, ಇಷ್ಟು ಇಂಚು, ಇಷ್ಟು ಸೆಂಟ್ ಅಂತ. ಇವರು ನಲವತ್ತು ವರ್ಷಕ್ಕಿಂತ ಹೆಚ್ಚು ಕಾಲ ಒಂದು ದಿನ ಬಿಡದೆ ಬರೆದವರು. ಒಂದು ಮೇ ತಿಂಗಳಲ್ಲಿ ಅವರ ಮನೆಗೆ ಹೋಗಿ ಮೂರು ದಿನ ರೆಕಾರ್ಡ್ ಮಾಡಿದೆ. 2018ರ ಆಗಸ್ಟ್‌ನ ಪುಟಗಳನ್ನ ಅವರು ಗಟ್ಟಿಯಾಗಿ ಓದಿದರು. ಬರೀ ಅಂಕಿ. ಮಧ್ಯೆ ಮಧ್ಯೆ ನಿಲ್ಲಿಸೋರು. ಆ ನಿಲ್ಲಿಸೋದರಲ್ಲೇ ಎಲ್ಲ ಇತ್ತು. ಫೋನ್ ಸ್ಟೋರೇಜ್ ತುಂಬಿತ್ತು ಅಂತ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿ, ಫೋನಿಂದ ಡಿಲೀಟ್ ಮಾಡಿದೆ.

ಜೂನ್ ಮಧ್ಯದಲ್ಲಿ ಒಂದು ಕೆಲಸದ ಮೇಲೆ ಬೆಂಗಳೂರಿಗೆ ಹೋದೆ. ಅಲ್ಲಿ ಆಫೀಸಿನವರ ಲ್ಯಾಪ್‌ಟಾಪ್ ಇತ್ತು. ನನ್ನದನ್ನ ಶಟ್‌ಡೌನ್ ಮಾಡಿ, ಬ್ಯಾಗಿಗೆ ಹಾಕಿ, ಬ್ಯಾಗನ್ನ ಬೀರುವಿನೊಳಗಿಟ್ಟು ಬಾಗಿಲು ಹಾಕಿದೆ. ಜೋಪಾನ ಮಾಡ್ತಿದ್ದೀನಿ ಅಂತಲೇ ಅಂದ್ಕೊಂಡಿದ್ದೆ. ಆಗಸ್ಟ್ ಮೊದಲ ವಾರ ವಾಪಸ್ ಬಂದು ಬೀರು ತೆಗೆದ್ರೆ ಬ್ಯಾಗ್ ಮೇಲೆ ಬೂದಿ ಬಣ್ಣದ ಬೂಷ್ಟು. ಒರೆಸಿದೆ, ಚಾರ್ಜರ್ ಹಾಕಿದೆ, ಪವರ್ ಬಟನ್ ಒತ್ತಿದೆ. ಒಂದು ಸಲ ಲೈಟ್ ಬಂತು, ಹೋಯ್ತು. ಆಮೇಲೆ ಏನೂ ಇಲ್ಲ.

"ಒಳಗೆ ನೀರು ಹೋಗಿದೆ ಮೇಡಂ," ಅಂದ್ರು ಕುಶಾಲನಗರದ ರಿಪೇರಿ ಅಂಗಡಿಯವರು. "ಇಲ್ಲ ಅಣ್ಣ, ಬೀರುವಲ್ಲಿ ಇತ್ತು, ಒಂದು ತೊಟ್ಟು ನೀರು ತಾಗಿಲ್ಲ," ಅಂದೆ. ಅವರು ಹಿಂದಿನ ಮುಚ್ಚಳ ಬಿಚ್ಚಿ ತೋರಿಸಿದರು. ಮದರ್‌ಬೋರ್ಡ್ ಮೇಲೆ ಒಂದೆರಡು ಕಡೆ ತಾಮ್ರ ಹಸಿರು ತಿರುಗಿತ್ತು, ಹಳೇ ದೇವರ ಚೊಂಬಿನ ಅಂಚಲ್ಲಿ ಕಾಣುತ್ತಲ್ಲ, ಹಾಗೆ. ನೀರು ತಾಗಿದೆಯೋ ಇಲ್ಲವೋ ಅಂತ ತೋರಿಸೋ ಬಿಳೀ ಸ್ಟಿಕ್ಕರ್ ಒಂದು ಕೆಂಪಾಗಿತ್ತು. ಅಂದ್ರೆ ವಾರಂಟಿ ಕಥೆ ಅಲ್ಲಿಗೇ ಮುಗೀತು. "ಮೇಡಂ, ಜುಲೈ ಆಗಸ್ಟಲ್ಲಿ ಮಡಿಕೇರಿ ಕಡೆಯಿಂದ ಬರೋದೆಲ್ಲ ಹೀಗೇ. ಯೂಸ್ ಮಾಡಿದ್ದು ಕಡಿಮೆ ಬರ್ತದೆ. ಇಟ್ಟದ್ದೇ ಜಾಸ್ತಿ ಬರ್ತದೆ."

ಈ ಮಾತು ನನ್ನ ತಲೇಲಿ ಕೂತುಬಿಡ್ತು. ಬಳಸಿದ್ದಕ್ಕಿಂತ ಇಟ್ಟದ್ದು ಜಾಸ್ತಿ ಹಾಳಾಗುತ್ತೆ ಅಂದ್ರೆ ಏನರ್ಥ?

ಅರ್ಥ ಆಗಬೇಕಾದ್ರೆ ಗಾಳಿಯಿಂದ ಶುರು ಮಾಡಬೇಕು. ಗಾಳಿಗೆ ನೀರಿನ ಆವಿ ಹಿಡಿಯೋ ಒಂದು ಲೆಕ್ಕ ಇದೆ. ಬಿಸಿ ಗಾಳಿ ಜಾಸ್ತಿ ಹಿಡಿಯುತ್ತೆ, ತಣ್ಣನೆ ಗಾಳಿ ಕಡಿಮೆ. ಹಿಡಿಯೋಕೆ ಸಾಧ್ಯ ಇರೋದರಲ್ಲಿ ಈಗ ಎಷ್ಟು ತುಂಬಿದೆ ಅನ್ನೋದನ್ನೇ ನಿಮ್ಮ ಫೋನಿನ ವೆದರ್ ಆ್ಯಪ್‌ನಲ್ಲಿ ಹ್ಯುಮಿಡಿಟಿ ಅಂತ ತೋರಿಸೋದು. ಜುಲೈನಲ್ಲಿ ಮಡಿಕೇರಿಯ ರಾತ್ರಿ 17-18 ಡಿಗ್ರಿ, ಹ್ಯುಮಿಡಿಟಿ ಶೇ. 95ರ ಆಸುಪಾಸು. ಅಂದ್ರೆ ಗಾಳಿ ಹೆಚ್ಚುಕಮ್ಮಿ ತುಂಬಿದ ಕೊಡ. ಅದಕ್ಕಿಂತ ಸ್ವಲ್ಪ ತಣ್ಣಗಿರೋ ಯಾವುದೇ ವಸ್ತು ಸಿಕ್ಕಿದ್ರೂ ಅದರ ಮೇಲೆ ನೀರು ಬಿಟ್ಟು ಹಗುರ ಆಗುತ್ತೆ. ಬೀರುವಿನ ಒಳಗೆ, ಅದೂ ಹೊರಗೋಡೆಗೆ ತಾಗಿದ ಬೀರು ಆದ್ರೆ, ಆ ತಣ್ಣನೆ ವಸ್ತು ನಿಮ್ಮ ಲ್ಯಾಪ್‌ಟಾಪ್.

ಲ್ಯಾಪ್‌ಟಾಪ್ ಜೊತೆ ಬರೋ ಸ್ಪೆಸಿಫಿಕೇಷನ್ ಕಾಗದವನ್ನ ಯಾರೂ ಓದಲ್ಲ, ನಾನೂ ಓದಿರ್ಲಿಲ್ಲ. ಬಹಳಷ್ಟು ಕಂಪನಿಗಳು ಅದರಲ್ಲಿ ಶೇ. 90ರವರೆಗಿನ ಹ್ಯುಮಿಡಿಟಿಯಲ್ಲಿ ಬಳಸಬಹುದು ಅಂತ ಬರೆದು, ಪಕ್ಕದಲ್ಲೇ "ನಾನ್‌ಕಂಡೆನ್ಸಿಂಗ್" ಅಂತ ಒಂದು ಪದ ಸೇರಿಸಿರ್ತಾರೆ. ಆವಿ ನೀರಾಗಿ ಕೂರಬಾರದು, ಹಾಗಿದ್ರೆ ಮಾತ್ರ ನಮ್ಮ ಜವಾಬ್ದಾರಿ, ಅಂತ. ಆ ಒಂದು ಪದದ ಆಚೆಗಿದೆ ನಮ್ಮ ಮಳೆಗಾಲ.

ಹಾಗಾದ್ರೆ ಆನ್ ಮಾಡಿದ ಲ್ಯಾಪ್‌ಟಾಪ್ ಯಾಕೆ ಬಚಾವ್ ಆಗುತ್ತೆ? ಬಿಸಿ ಇರೋದರಿಂದ. ಹೊರಗೆ 18 ಡಿಗ್ರಿ, ಶೇ. 95 ಇರೋ ಅದೇ ಗಾಳಿ ಲ್ಯಾಪ್‌ಟಾಪ್ ಒಳಗೆ ಹೋಗಿ 30 ಡಿಗ್ರಿಗೆ ಬಿಸಿ ಆದ್ರೆ ಅದರ ಹ್ಯುಮಿಡಿಟಿ ಸುಮಾರು ಶೇ. 46ಕ್ಕೆ ಇಳಿಯುತ್ತೆ. ಆವಿ ಅಷ್ಟೇ ಇದೆ, ಆದ್ರೆ ಕೊಡ ದೊಡ್ಡದಾಯ್ತು. ಬೂಷ್ಟು ಚೆನ್ನಾಗಿ ಬೆಳೆಯೋಕೆ ಶೇ. 70ಕ್ಕಿಂತ ಮೇಲೆ ಬೇಕು. 46ರಲ್ಲಿ ಅದಕ್ಕೆ ಕೆಲಸ ಇಲ್ಲ. ಹಾಗಾಗಿ ಮಳೆಗಾಲದಲ್ಲಿ ಲ್ಯಾಪ್‌ಟಾಪಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರ ಅಂದ್ರೆ ದಿನಾ ಒಂದು ಗಂಟೆ ಆನ್ ಮಾಡಿಡೋದು. ಸಿನಿಮಾ ನೋಡಿ, ಪರವಾಗಿಲ್ಲ. ಅಮ್ಮ ಬೈದ್ರೆ ಹ್ಯುಮಿಡಿಟಿ ಕಂಟ್ರೋಲ್ ಮಾಡ್ತಿದ್ದೀನಿ ಅನ್ನಿ.

ಇನ್ನು ಗೋಡೌನಿನ ವಿಷಯ. ಲ್ಯಾಪ್‌ಟಾಪ್ ಹೋದ ದಿನ ಬೇಜಾರಲ್ಲಿ ಮನೆಗೆ ಬಂದೆ. ಅಪ್ಪ ಗೋಡೌನಲ್ಲಿ ಉಳಿದಿದ್ದ ಕಾಫಿ ಮೂಟೆಗಳನ್ನ ನೋಡ್ತಾ ಇದ್ರು. ರೇಟ್ ಬರ್ಲಿ ಅಂತ ಹಿಡಿದಿಟ್ಟದ್ದು. ಮೂಟೆ ನೆಲಕ್ಕೆ ತಾಗಿಲ್ಲ, ಕೆಳಗೆ ಮರದ ಹಲಗೆ. ಗೋಡೆಗೂ ತಾಗಿಲ್ಲ, ಒಂದಡಿ ಜಾಗ ಬಿಟ್ಟಿದೆ. ಒಣಗಿದ ಚೆರ್ರಿಯ ತೇವಾಂಶ ಶೇ. 11ರ ಸುತ್ತಮುತ್ತ ಇರಬೇಕು ಅಂತ ಕೊಡಗಿನ ಯಾವ ಬೆಳೆಗಾರರನ್ನ ನಿದ್ದೆಯಿಂದ ಎಬ್ಬಿಸಿ ಕೇಳಿದ್ರೂ ಹೇಳ್ತಾರೆ. ಒಣಗಿಸಿದ ಮೇಲೂ ಅದು ಗಾಳಿಯಿಂದ ತೇವ ಎಳ್ಕೊಳ್ಳುತ್ತೆ ಅಂತ ಗೊತ್ತು, ಅದಕ್ಕೇ ಹಲಗೆ, ಅದಕ್ಕೇ ಗೋಡೆಯಿಂದ ದೂರ.

ಮಾನ್ಸೂನ್ಡ್ ಮಲಬಾರ್ ಅಂತ ಒಂದು ಕಾಫಿ ಕೇಳಿರ್ತೀರಿ. ಹಿಂದೆ ಹಾಯಿ ಹಡಗಿನಲ್ಲಿ ಕಾಫಿ ಯುರೋಪಿಗೆ ಹೋಗೋಕೆ ತಿಂಗಳುಗಟ್ಟಲೆ ಹಿಡೀತಿತ್ತು. ದಾರಿಯುದ್ದಕ್ಕೂ ಸಮುದ್ರದ ತೇವಕ್ಕೆ ಬೀಜ ಊದಿ, ಹಸಿರು ಹೋಗಿ ಹಳದಿ ಆಗಿ, ರುಚಿಯೇ ಬದಲಾಗ್ತಿತ್ತು. ಅಲ್ಲಿಯವರಿಗೆ ಅದೇ ರುಚಿ ಅಭ್ಯಾಸ ಆಯ್ತು. ಹಡಗುಗಳ ವೇಗ ಹೆಚ್ಚಿದ ಮೇಲೆ ಆ ರುಚಿ ಸಿಗದೆ, ಈಗ ಕರಾವಳಿಯ ಗೋಡೌನ್‌ಗಳಲ್ಲಿ ಬೇಕಂತಲೇ ಬೀಜವನ್ನ ಹರವಿ ಮುಂಗಾರಿನ ಗಾಳಿಗೆ ಒಡ್ಡುತ್ತಾರೆ. ಏನೂ ಬೇಡ, ಬರೀ ಗಾಳಿ ಸಾಕು, ಗಟ್ಟಿ ಬೀಜದ ಬಣ್ಣ, ಗಾತ್ರ, ರುಚಿ ಮೂರೂ ಬದಲಾಗುತ್ತೆ. ಕಾಫಿಗೆ ಅದರಿಂದ ರೇಟ್ ಬರುತ್ತೆ. ಲ್ಯಾಪ್‌ಟಾಪಿಗೆ ಬರಲ್ಲ.

ನನಗೆ ನಾಚಿಕೆ ಆದದ್ದು ಇಲ್ಲಿ. ನನ್ನ ಲ್ಯಾಪ್‌ಟಾಪ್ ಬೆಲೆ 52,000 ರೂಪಾಯಿ. 2021ರಲ್ಲಿ ಕೊಂಡಾಗ ರೋಬಸ್ಟಾ ಚೆರ್ರಿ 50 ಕೆ.ಜಿ. ಮೂಟೆಗೆ ನಾಲ್ಕು ಸಾವಿರದ ಒಳಗೇ ಇತ್ತು. ಅಂದ್ರೆ ಹದಿಮೂರು ಮೂಟೆಗಿಂತ ಹೆಚ್ಚು. ಹದಿಮೂರು ಮೂಟೆ ಕಾಫಿಯನ್ನ ಯಾರಾದ್ರೂ ಒದ್ದೆ ಗೋಡೆಗೆ ಆನಿಸಿ, ಬಾಗಿಲು ಮುಚ್ಚಿ, ಎರಡು ತಿಂಗಳು ಹಿಂತಿರುಗಿ ನೋಡದೆ ಇದ್ರೆ ಅಪ್ಪ ಅವರನ್ನ ಊರು ಬಿಡಿಸ್ತಿದ್ರು. ಕಾಮರ್ಸ್ ಓದಿದ ಮಗಳು ಅದನ್ನೇ ಮಾಡಿದ್ಲು.

ಹಾಗಾದ್ರೆ ಎಲ್ಲಿಡೋದು? ಮೇಜಿನ ಮೇಲೆ, ಒಳಗೋಡೆಯ ಕಡೆ, ಗಾಳಿಯಾಡೋ ಜಾಗದಲ್ಲಿ. ನೆಲದ ಮೇಲೆ ಬೇಡ, ರೆಡ್ ಆಕ್ಸೈಡ್ ನೆಲ ಮಳೆಗಾಲದಲ್ಲಿ ಬೆವರೋದು ನೋಡಿದ್ದೀರಲ್ಲ. ಒದ್ದೆ ಬಟ್ಟೆ ಒಣಗಿಸೋ ರೂಮಲ್ಲಂತೂ ಬೇಡವೇ ಬೇಡ. ಬಟ್ಟೆಯಿಂದ ಹೋದ ನೀರೆಲ್ಲ ಅದೇ ಗಾಳಿಯಲ್ಲಿ ಇರುತ್ತೆ. ನಮ್ಮಲ್ಲಿ ಅಗ್ಗಿಷ್ಟಿಕೆಯ ಕೆಂಡದ ಹತ್ರ ಬಟ್ಟೆ ಒಣಗಿಸೋ ಪದ್ಧತಿ ಇನ್ನೂ ಕೆಲವು ಮನೆಯಲ್ಲಿದೆ. ಅಲ್ಲೇ ಲ್ಯಾಪ್‌ಟಾಪೂ ಬೆಚ್ಚಗಿರ್ಲಿ ಅಂತ ಇಟ್ಟವರನ್ನ ನಾನು ಕಂಡಿದ್ದೀನಿ. ಬೆಚ್ಚಗೇನೋ ಇರುತ್ತೆ, ಆದ್ರೆ ಬೂದಿ, ಮಸಿ ಎರಡನ್ನೂ ಫ್ಯಾನ್ ಒಳಗೆ ಎಳ್ಕೊಳ್ಳುತ್ತೆ. ಒಣ ಧೂಳು ಅಷ್ಟು ತೊಂದರೆ ಮಾಡಲ್ಲ. ತೇವ ಕುಡಿದ ಧೂಳು ಕರೆಂಟ್ ಹರಿಯೋ ದಾರಿ ಆಗುತ್ತೆ.

ಊರು ಬಿಟ್ಟು ಹೋಗ್ಲೇಬೇಕು, ತಿಂಗಳುಗಟ್ಟಲೆ ಬಳಸಲ್ಲ ಅಂದ್ರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ಬೇಕು. ಮುಚ್ಚಳಕ್ಕೆ ರಬ್ಬರ್ ಇರೋದು. ಒಳಗೆ ಸಿಲಿಕಾ ಜೆಲ್. ಹೊಸ ಚಪ್ಪಲಿ ಡಬ್ಬದಲ್ಲಿ ಸಿಗೋ ಒಂದು ಪುಟ್ಟ ಪೊಟ್ಟಣ ಸಾಲದು, ಅದು ನಿಮ್ಮ ಮನೆ ತಲುಪೋ ಹೊತ್ತಿಗೇ ತೇವ ಕುಡಿದು ಮುಗಿಸಿರುತ್ತೆ. ಕಾಲು ಕೆ.ಜಿ.ಯಷ್ಟು ಬಣ್ಣ ಬದಲಾಗೋ ಜೆಲ್ ತಗೊಳ್ಳಿ. ಕಿತ್ತಳೆ ಬಣ್ಣದ್ದು ತೇವ ಕುಡಿದ ಮೇಲೆ ಹಸಿರಾಗುತ್ತೆ. ನೀಲಿಯದ್ದು ಗುಲಾಬಿ ಆಗುತ್ತೆ, ಆದ್ರೆ ನೀಲಿಯಲ್ಲಿ ಕೋಬಾಲ್ಟ್ ಉಪ್ಪು ಇರುತ್ತೆ, ಮಕ್ಕಳಿರೋ ಮನೆಗೆ ಬೇಡ. ಬಣ್ಣ ತಿರುಗಿದ ಮೇಲೆ ಎಸೀಬೇಡಿ, ಓವನ್ನಿನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಇಟ್ರೆ ಮತ್ತೆ ಒಣಗಿ ಹಳೇ ಬಣ್ಣಕ್ಕೆ ಬರುತ್ತೆ. ಒಂದು ಮಾತು, ಡಬ್ಬಕ್ಕೆ ಹಾಕೋ ಮೊದಲು ಲ್ಯಾಪ್‌ಟಾಪನ್ನ ಗಂಟೆಗಟ್ಟಲೆ ಓಡಿಸಿ ಒಣಗಿಸಿ, ಆಫ್ ಮಾಡಿ, ಮೈ ಆರಿದ ಮೇಲೆ ಹಾಕಿ. ಒದ್ದೆಯನ್ನ ಒಳಗಿಟ್ಟು ಮುಚ್ಚಿದ್ರೆ ಪ್ರಯೋಜನ ಇಲ್ಲ. ಬ್ಯಾಟರಿ ಅರ್ಧ ಇರಲಿ. ತುಂಬಾ ತುಂಬಿಸಿಯೂ ಬೇಡ, ಸೊನ್ನೆ ಮಾಡಿಯೂ ಬೇಡ. ಲಿಥಿಯಂ ಬ್ಯಾಟರಿ ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿದ್ರೆ ಮತ್ತೆ ಏಳದೇ ಇರಬಹುದು.

ಘಟ್ಟ ಇಳಿಯೋ ಸ್ಟೂಡೆಂಟ್ಸ್‌ಗೆ ಇನ್ನೊಂದು ವಿಷಯ. ಮಡಿಕೇರಿಯಲ್ಲಿ ಬೆಳಗ್ಗೆ ಲ್ಯಾಪ್‌ಟಾಪ್ 18 ಡಿಗ್ರಿಯಲ್ಲಿರುತ್ತೆ. ಸಂಪಾಜೆ ಇಳಿದು, ಸುಳ್ಯ, ಪುತ್ತೂರು ದಾಟಿ ಮಂಗಳೂರಿಗೆ ಹೋಗ್ತೀರಿ, ದಾರಿಯುದ್ದಕ್ಕೂ ಕಾರಲ್ಲಿ ಎಸಿ. ಇಳಿದ ಕೂಡಲೇ ಕನ್ನಡಕ ಮಂಜಾಗುತ್ತಲ್ಲ? ಮಳೆಗಾಲದ ಮಂಗಳೂರಿನ ಗಾಳಿ 24-25 ಡಿಗ್ರಿಗೆ ತಣ್ಣಗಾದ್ರೆ ಸಾಕು, ನೀರು ಬಿಡುತ್ತೆ. ನಿಮ್ಮ ಲ್ಯಾಪ್‌ಟಾಪ್ ಅದಕ್ಕಿಂತ ತಣ್ಣಗಿದೆ. ಕನ್ನಡಕದ ಮೇಲೆ ಆದದ್ದೇ ಮದರ್‌ಬೋರ್ಡ್ ಮೇಲೂ ಆಗುತ್ತೆ, ವ್ಯತ್ಯಾಸ ಏನಂದ್ರೆ ಅದನ್ನ ಅಂಗಿ ತುದೀಲಿ ಒರೆಸೋಕಾಗಲ್ಲ. ಹಾಸ್ಟೆಲ್ ತಲುಪಿದ ಕೂಡಲೇ ಆನ್ ಮಾಡ್ಬೇಡಿ. ಬ್ಯಾಗ್ ಜಿಪ್ ಹಾಕಿದ ಹಾಗೇ ಒಂದು ಗಂಟೆ ಬಿಡಿ, ನಿಧಾನಕ್ಕೆ ಬೆಚ್ಚಗಾಗಲಿ.

ಆಫ್ ಇದ್ದಾಗ ನೀರಿಂದ ಆಗೋ ಹಾನಿ ನಿಧಾನ. ಕರೆಂಟ್ ಇದ್ದಾಗ ಆಗೋದು ವೇಗ. ನೀರಿನ ತೆಳು ಪದರದ ಮೇಲೆ ವೋಲ್ಟೇಜ್ ಬಿದ್ರೆ ಲೋಹದ ಅಯಾನುಗಳು ಒಂದು ತಂತಿಯಿಂದ ಇನ್ನೊಂದಕ್ಕೆ ಹರಿದು, ಮಧ್ಯೆ ಬೇರಿನ ಥರ ಸಣ್ಣ ಎಳೆ ಬೆಳೆಯುತ್ತೆ. ಎರಡೂ ತುದಿ ಕೂಡಿದ್ರೆ ಶಾರ್ಟ್. ಬೂಷ್ಟು ಕಂಡ ದಿನ ನಾನು ಚಾರ್ಜರ್ ಹಾಕದೆ ಹಾಗೇ ತಗೊಂಡು ಹೋಗಿದ್ರೆ ಬೋರ್ಡ್ ಉಳೀತಿತ್ತೇನೋ ಅಂದ್ರು ಅಂಗಡಿ ಅಣ್ಣ. "ಏನೋ" ಅಂತ ಸೇರಿಸಿದ್ದು ನನ್ನ ಸಮಾಧಾನಕ್ಕೆ ಅಂತ ಕಾಣುತ್ತೆ.

ಕಾಫಿ ಚೆಲ್ಲಿದ್ರೂ ಇದೇ ಲೆಕ್ಕ. ಮೊದಲು ಚಾರ್ಜರ್ ಕೀಳಿ, ಸ್ವಿಚ್ ಒದ್ದೆಯಾಗಿದ್ರೆ ಗೋಡೆ ಕಡೆಯಿಂದ ಆಫ್ ಮಾಡಿ. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಸಾಯಿಸಿ. ಸೇವ್ ಮಾಡ್ತೀನಿ ಅಂತ ನಿಲ್ಲಬೇಡಿ. ಅರ್ಧ ತೆರೆದ ಪುಸ್ತಕ ಬೋರಲು ಹಾಕಿದ ಹಾಗೆ ತಲೆಕೆಳಗಾಗಿ ನಿಲ್ಲಿಸಿ. ಸರಿ ಹೋಯ್ತಾ ಅಂತ ಆನ್ ಮಾಡಿ ನೋಡೋ ಆಸೆ ಬರುತ್ತೆ, ಲ್ಯಾಪ್‌ಟಾಪ್ ಸಾಯೋದು ಬಹುತೇಕ ಆ ಕ್ಷಣದಲ್ಲೇ. ಬರೀ ನೀರಾದ್ರೆ ಸ್ವಲ್ಪ ಟೈಮ್ ಇರುತ್ತೆ. ಬೆಲ್ಲದ ಕಾಫಿ ಆದ್ರೆ ಅವತ್ತೇ ರಿಪೇರಿಯವರ ಹತ್ರ ಓಡಿ, ಅಂಟು ಒಣಗೋ ಮೊದಲು ಬಿಚ್ಚಿ ತೊಳೀಬೇಕು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೀತಾರೆ, ಅದು ನೀರನ್ನ ಜೊತೆಗೆ ಕರ್ಕೊಂಡು ಹಾರಿಹೋಗುತ್ತೆ. ಮನೇಲಿ ಹೇರ್ ಡ್ರೈಯರ್ ಹಿಡಿದ್ರೆ ನೀರು ಇನ್ನಷ್ಟು ಒಳಗೆ ಹೋಗುತ್ತೆ. ಅಕ್ಕಿ ಡಬ್ಬದಲ್ಲಿ ಹೂತಿಡೋ ಐಡಿಯಾ ಇದೆಯಲ್ಲ, ಅದನ್ನ ಬಿಡಿ. ಸುಮ್ನೆ ಗಾಳಿಗಿಟ್ಟಷ್ಟೂ ಪ್ರಯೋಜನ ಆಗಲ್ಲ, ಜೊತೆಗೆ ಹಿಟ್ಟು, ನುಚ್ಚು ಪೋರ್ಟ್ ಒಳಗೆ ಸೇರುತ್ತೆ. ಫೋನನ್ನ ಅಕ್ಕೀಲಿ ಇಡಬೇಡಿ ಅಂತ 2024ರಲ್ಲಿ ಆ್ಯಪಲ್ ಕಂಪನಿಯೇ ಹೇಳಿತ್ತು.

ಮಳೆ ಬಂದ್ರೆ ಕರೆಂಟ್ ಹೋಗುತ್ತೆ, ಇದು ಕೊಡಗಿನಲ್ಲಿ ಹೊಸ ಸುದ್ದಿ ಅಲ್ಲ. ಮರ ಬೀಳುತ್ತೆ, ಲೈನ್ ತುಂಡಾಗುತ್ತೆ, ಲೈನ್‌ಮನ್‌ಗಳು ಆ ಮಳೇಲಿ ಕಂಬ ಹತ್ತುತ್ತಾರೆ. ಅವರಿಗೆ ಒಂದು ನಮಸ್ಕಾರ. ಲ್ಯಾಪ್‌ಟಾಪ್ ಅಡಾಪ್ಟರ್‌ಗಳು 100ರಿಂದ 240 ವೋಲ್ಟ್‌ವರೆಗೆ ತಡ್ಕೊಳ್ಳುತ್ತವೆ, ಹಾಗಾಗಿ ವೋಲ್ಟೇಜ್ ಡಿಮ್ ಆದ್ರೆ ಹೆದರಬೇಡಿ. ಹೆದರಬೇಕಾದ್ದು ಕರೆಂಟ್ ವಾಪಸ್ ಬರೋ ಕ್ಷಣಕ್ಕೆ, ಆಗ ವೋಲ್ಟೇಜ್ ಒಮ್ಮೆ ಜಿಗಿಯಬಹುದು. ಹೋದ ಕೂಡಲೇ ಪ್ಲಗ್ ಕೀಳಿ, ಬಂದು ಐದು ನಿಮಿಷ ಆದ ಮೇಲೆ ಹಾಕಿ. ಗುಡುಗು ಸಿಡಿಲು ನಮ್ಮಲ್ಲಿ ಜುಲೈಗಿಂತ ಏಪ್ರಿಲ್-ಮೇ ತಿಂಗಳಲ್ಲೇ ಜಾಸ್ತಿ. ಆಗ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಮೋಡೆಮ್‌ನಿಂದ ಬರೋ ಲ್ಯಾನ್ ವೈರನ್ನೂ ಕೀಳಬೇಕು, ಅದನ್ನ ಎಲ್ಲರೂ ಮರೀತಾರೆ. ಸ್ಪೈಕ್ ಗಾರ್ಡ್ ಇದೆ ಅಂತ ಧೈರ್ಯ ಬೇಡ. ಅದರೊಳಗಿನ ಪುಟ್ಟ ಭಾಗವೊಂದು ಪ್ರತಿ ಹೊಡೆತಕ್ಕೂ ಸವೆಯುತ್ತೆ. ಜೊತೆಗೆ ಮನೆಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ರೆ ಅದು ಹೆಚ್ಚುಕಮ್ಮಿ ಎಕ್ಸ್‌ಟೆನ್ಷನ್ ಬೋರ್ಡೇ. ಅರ್ಥಿಂಗ್ ಇದೆಯಾ ಅಂತ ಒಂದು ಸುಳಿವು: ಚಾರ್ಜ್ ಆಗ್ತಿರುವಾಗ ಲ್ಯಾಪ್‌ಟಾಪಿನ ಲೋಹದ ಮೈ ಮೇಲೆ ಬೆರಳು ಸವರಿದ್ರೆ ಜುಮ್ ಅಂತದಾ? ಹಾಗಿದ್ರೆ ಬಹುಶಃ ಅರ್ಥ್ ಸಿಗ್ತಿಲ್ಲ, ಅಥವಾ ನೀವು ಎರಡು ಪಿನ್ನಿನ ಕನ್ವರ್ಟರ್ ಹಾಕಿದ್ದೀರಿ. ಎಲೆಕ್ಟ್ರೀಷಿಯನ್ ಕರೆಸಿ.

ಬ್ಯಾಟರಿ 80ಕ್ಕೆ ನಿಲ್ಲಿಸಿ ಅಂತ ಎಲ್ಲ ಟೆಕ್ ಚಾನೆಲ್‌ನವರೂ ಹೇಳ್ತಾರೆ. ಸರಿಯೇ, ಅದರಿಂದ ಆಯಸ್ಸು ಹೆಚ್ಚುತ್ತೆ. ಆದ್ರೆ ಅವರ ಮನೇಲಿ ಮೂರು ದಿನ ಕರೆಂಟ್ ಹೋಗಲ್ಲ. ನಾನು ಡಿಸೆಂಬರಿಂದ ಮೇವರೆಗೆ 80ರ ಲಿಮಿಟ್ ಇಡ್ತೀನಿ. ಆರೆಂಜ್ ಅಲರ್ಟ್ ಬಂದ ದಿನ ತೆಗೆದು 100 ಮಾಡ್ತೀನಿ. ಬ್ಯಾಟರಿ ಇರೋದು ನಮಗಾಗಿ, ನಾವು ಬ್ಯಾಟರಿಗಾಗಿ ಅಲ್ಲ. ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ರೆ, ಮುಚ್ಚಳ ಸರಿಯಾಗಿ ಕೂರದಿದ್ರೆ ಮಾತ್ರ ತಮಾಷೆ ಅಲ್ಲ, ಬ್ಯಾಟರಿ ಊದಿದೆ ಅಂತರ್ಥ. ಚಾರ್ಜ್ ಮಾಡೋದನ್ನ ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ, ಬದಲಾಯಿಸಿ.

ಈಗ ನನ್ನ ರೆಕಾರ್ಡಿಂಗ್ ಕಥೆಗೆ ವಾಪಸ್ ಬರ್ತೀನಿ, ಯಾಕಂದ್ರೆ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಇಲ್ಲಿದೆ. ಬೋರ್ಡ್ ಸತ್ತಿದ್ರೂ ನನ್ನ ಎಸ್‌ಎಸ್‌ಡಿ, ಅಂದ್ರೆ ಫೈಲ್ ಇರೋ ಭಾಗ, ಚೆನ್ನಾಗಿತ್ತು. ಅಣ್ಣ ಅದನ್ನ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರು. ನನಗೆ ಹೋದ ಜೀವ ಬಂತು. ಸ್ಕ್ರೀನ್ ಮೇಲೆ ಒಂದು ನೀಲಿ ಪೆಟ್ಟಿಗೆ ಬಂತು: 48 ಅಂಕಿಯ ರಿಕವರಿ ಕೀ ಕೊಡಿ. ಬಿಟ್‌ಲಾಕರ್. ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟಕ್ಕೆ ಇದು ತಾನಾಗೇ ಆನ್ ಆಗಿರುತ್ತೆ, ಕಳ್ಳರ ಕೈಗೆ ಸಿಕ್ಕರೂ ಫೈಲ್ ಸಿಗಬಾರದು ಅಂತ. ಒಳ್ಳೇದೇ. ಕೀ ಎಲ್ಲಿರುತ್ತೆ? ಲ್ಯಾಪ್‌ಟಾಪ್ ಮೊದಲ ಸಲ ಆನ್ ಮಾಡಿದಾಗ ನೀವು ಹಾಕಿದ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ. ನಾನು ಹಾಕಿದ್ದು ಹಳೇ ಇಮೇಲ್. ಪಾಸ್‌ವರ್ಡ್ ನೆನಪಿಲ್ಲ. ರಿಕವರಿ ನಂಬರ್ ಎಂದೋ ಬಿಟ್ಟುಬಿಟ್ಟ ಸಿಮ್ಮಿನದ್ದು, ಈಗ ಬೇರೆ ಯಾರ ಬಳಿಯೋ ಇದೆ. ಒಂದು ತಿಂಗಳು ಫಾರ್ಮ್ ತುಂಬಿದೆ. ಆಗಲಿಲ್ಲ. ನನ್ನ ಫೈಲ್‌ಗಳ ಪಾಲಿಗೆ ನಾನೇ ಕಳ್ಳಿ.

ಹಾಗಾಗಿ ಒಂದು ಕೆಲಸ ಇವತ್ತೇ ಮಾಡಿ, ಈ ಸಂಚಿಕೆ ಪಾಸ್ ಮಾಡಿಯಾದ್ರೂ ಮಾಡಿ. ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್ ಯಾವುದು ನೋಡಿ, ಫೋನಿಂದಲೇ ಲಾಗಿನ್ ಆಗೋಕೆ ಆಗುತ್ತಾ ನೋಡಿ, ಅದರಲ್ಲಿರೋ ಫೋನ್ ನಂಬರ್ ಈಗಿನದ್ದಾ ನೋಡಿ. 48 ಅಂಕಿಯ ಕೀ ಅನ್ನ ಕಾಗದದಲ್ಲಿ ಬರೆದು ಮನೆ ಪತ್ರಗಳ ಜೊತೆ ಇಡಿ. ಹೌದು, ಕಾಗದದಲ್ಲೇ.

ಬ್ಯಾಕಪ್ ವಿಷಯದಲ್ಲಿ ಟೆಕ್ ಜನ 3-2-1 ಅಂತಾರೆ: ಮೂರು ಕಾಪಿ, ಎರಡು ಬಗೆಯ ಜಾಗದಲ್ಲಿ, ಒಂದು ಮನೆಯಿಂದ ಹೊರಗೆ. ಕೊನೆಯ ಒಂದು ಯಾಕೆ ಅಂತ ಬೇರೆ ಊರಿನವರಿಗೆ ವಿವರಿಸಬೇಕು. ನಮಗೆ ಬೇಡ. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದಾಗ ಜನ ಉಟ್ಟ ಬಟ್ಟೇಲಿ ಹೊರಟು ಬಂದ್ರು. ಮಾರ್ಕ್ಸ್ ಕಾರ್ಡ್, ಜಾಗದ ಪತ್ರ, ಮದುವೆ ಫೋಟೊ ಎಲ್ಲ ಮಣ್ಣಿನಡಿ. ಮನೆಯೊಳಗೆ ಎಷ್ಟು ಕಾಪಿ ಇದ್ದು ಏನು ಪ್ರಯೋಜನ? ಅಂಥ ಹೊತ್ತಲ್ಲಿ ಲ್ಯಾಪ್‌ಟಾಪ್ ತಗೊಳ್ಳೋಕೆ ಒಳಗೆ ಓಡಬಾರದು, ಓಡೋ ಅಗತ್ಯವೇ ಬರಬಾರದು. ನಮ್ಮ ಕಡೆ ನೆಟ್‌ವರ್ಕ್ ಅಪ್‌ಲೋಡ್ ವಿಷಯದಲ್ಲಿ ಎಷ್ಟು ಧಾರಾಳ ಅಂತ ನನಗೂ ಗೊತ್ತು, ನಾನು ದೊಡ್ಡ ಫೈಲ್‌ಗಳನ್ನ ಕ್ಲೌಡಿಗೆ ಹಾಕೋ ಗೋಜಿಗೆ ಹೋಗಲ್ಲ. ಡಾಕ್ಯುಮೆಂಟ್ ಮಾತ್ರ ಅಲ್ಲಿ. ಆಡಿಯೋ ಎಲ್ಲ ಎರಡು ಹಾರ್ಡ್‌ಡಿಸ್ಕಲ್ಲಿ. ಒಂದು ನನ್ನ ಹತ್ರ, ಒಂದು ಮೈಸೂರಲ್ಲಿ ಚಿಕ್ಕಮ್ಮನ ಮನೇಲಿ. ತಿಂಗಳಿಗೊಮ್ಮೆ ಯಾರಾದ್ರೂ ಹೋಗ್ತಾ ಬರ್ತಾ ಅದಲುಬದಲು ಆಗುತ್ತೆ. "ನಿನ್ನ ಡಬ್ಬಿ ಬಂತು ನೋಡು," ಅಂತ ಚಿಕ್ಕಮ್ಮ ಫೋನ್ ಮಾಡ್ತಾರೆ, ಕಾಳುಮೆಣಸು ಕಳಿಸಿದ ಹಾಗೆ.

ಕ್ಲೀನಿಂಗ್‌ಗೆ ಒಂದು ದಿನ ಇಟ್ಕೊಳ್ಳಿ. ನಮ್ಮಲ್ಲಿ ಸೆಪ್ಟೆಂಬರ್ 3ರ ಹೊತ್ತಿಗೆ ಕೈಲ್ ಮುಹೂರ್ತ ಬರುತ್ತಲ್ಲ, ನಾಟಿ ಕೆಲಸ ಮುಗಿದು, ಕೋವಿ ಕತ್ತಿಗಳನ್ನೆಲ್ಲ ಒರೆಸಿ, ತೋಕ್ ಪೂ ಇಟ್ಟು ಪೂಜೆ ಮಾಡೋದು. ಮಳೆಗಾಲದಲ್ಲಿ ಕೋವಿಗೆ ತುಕ್ಕು ಹಿಡೀದ ಹಾಗೆ ನೋಡ್ಕೊಂಡವರೇ ನಮ್ಮ ಅಜ್ಜಂದಿರು. ಅವತ್ತು ಲ್ಯಾಪ್‌ಟಾಪನ್ನೂ ಹೊರಗೆ ತನ್ನಿ. ಫ್ಯಾನ್ ಕಿಂಡಿಯ ಧೂಳನ್ನ ಮೆತ್ತನೆ ಬ್ರಷ್‌ನಲ್ಲಿ ತೆಗೀರಿ, ಸ್ಕ್ರೀನನ್ನ ಹಿಂಡಿದ ಮೈಕ್ರೋಫೈಬರ್ ಬಟ್ಟೇಲಿ ಒರೆಸಿ, ನೇರವಾಗಿ ಸ್ಪ್ರೇ ಮಾಡಬೇಡಿ. ವರ್ಷಕ್ಕೊಮ್ಮೆ ಬಿಚ್ಚಿಸಿ ಒಳಗಿನ ಧೂಳು ತೆಗೆಸಿದ್ರೆ ಇನ್ನೂ ಒಳ್ಳೇದು. ಪೂಜೆಗೆ ಇಡೋದಾದ್ರೆ ಮುಚ್ಚಿ ಇಡಿ, ಗಂಧ ಒಂದು ಚುಕ್ಕೆ ಸಾಕು. ಕೀಬೋರ್ಡ್ ಮೇಲೆ ಕುಂಕುಮ ಉದುರಿಸಿದ್ರೆ ಅದು ಕೀ ಕೆಳಗೆ ಸೇರಿ ಮುಂದಿನ ಹಬ್ಬದವರೆಗೆ ಅಲ್ಲೇ ಇರುತ್ತೆ.

ಆ ಹಿರಿಯರ ಮನೆಗೆ ನಾನು ಮತ್ತೆ ಹೋದೆ. ಹೇಳೋಕೆ ಬಾಯಿ ಬರ್ಲಿಲ್ಲ, ಎರಡು ಲೋಟ ಕಾಫಿ ಆದ ಮೇಲೆ ಹೇಳಿದೆ. ಅವರು ನಕ್ಕರು. "ಅದಕ್ಕೇನಂತೆ ಮಗಳೇ, ಡೈರಿ ಇಲ್ಲೇ ಉಂಟಲ್ಲ," ಅಂದು ಒಳಗೆ ಹೋದರು. ಅಡುಗೆಮನೆ ಪಕ್ಕದ ಗೋಡೆಯಲ್ಲಿ, ಒಲೆಯ ಕಾವು ತಾಗೋ ಕಡೆ ಒಂದು ಮರದ ಹಲಗೆ, ಅದರ ಮೇಲೆ ಹಳೇ ಬಿಸ್ಕತ್ ಡಬ್ಬ. ಅದರೊಳಗಿಂದ 2018 ತೆಗೆದರು. ನಲವತ್ತು ಮಳೆಗಾಲ ನೋಡಿದ ಡೈರಿಗಳು, ಒಂದು ಪುಟಕ್ಕೂ ಬೂಷ್ಟಿಲ್ಲ. ನನ್ನ ಅಪ್ಪನ ಗೋಡೌನ್ ಲೆಕ್ಕವೇ ಅಲ್ಲೂ ಇತ್ತು: ಹಲಗೆ, ಕಾವು, ಮುಚ್ಚಳ, ಮತ್ತೆ ದಿನಾ ಒಂದು ಸಲ ತೆಗೆದು ಬರೆಯೋ ಕೈ.

ಅವರು ಮತ್ತೆ ಓದಿದರು. ಈ ಸಲ ಎಲ್ಲೂ ನಿಲ್ಲಿಸಲಿಲ್ಲ, ನನಗೆ ಸರಿಯಾಗಿ ರೆಕಾರ್ಡ್ ಆಗ್ಲಿ ಅಂತ ಒಂದೇ ದನಿಯಲ್ಲಿ, ಸ್ಪಷ್ಟವಾಗಿ ಓದಿ ಮುಗಿಸಿದರು. ಆ ರೆಕಾರ್ಡಿಂಗ್ ಮುಂದಿನ ಸಂಚಿಕೆಯಲ್ಲಿ ಬರುತ್ತೆ. ಮೂರು ಕಾಪಿ ಇದೆ.

ದೂರದಲ್ಲಿ ಗುಡುಗು ಶುರುವಾಯ್ತು. ಪ್ಲಗ್ ಕೀಳ್ತಿದ್ದೀನಿ. ನಮಸ್ಕಾರ.